ಸವಿಮಾತಿನ ಅನಂತ

ಅನಂತ ಕೆಟ್ಟವನಲ್ಲ, ಆದರೆ ಅವನ ನಾಲಿಗೆ ಜಾಲಿಮುಳ್ಳು. ಅದರ ದೆಸೆಯಿಂದಲೇ ಮುಧೋಳದಲ್ಲಿ ಬಾಡಿಗೆಮನೆ ಕಳೆದುಕೊಂಡಿದ್ದ. ಜಮಖಂಡಿಯಲ್ಲಿ ವತ್ಸಲಾಬಾಯಿಯ ಮಾಳಿಗೆ ಸಿಕ್ಕಾಗ ಮೊದಲ ದಿನವೇ ಎಚ್ಚೆತ್ತುಕೊಂಡ. ಓಣಿಯ ವಾಟ್ಸಾಪ್ ಗುಂಪಿನಲ್ಲಿ ತನ್ನ ಹೆಸರಿನಿಂದ ಉತ್ತರ ಕೊಡುವ ಕೆಲಸವನ್ನು ಫೋನಿನೊಳಗಿನ ಎಐಗೆ ಒಪ್ಪಿಸಿದ. ಎದುರಿಗೆ ಯಾರಾದರೂ ಸಿಕ್ಕರೆ ಕೈಮುಗಿದು, ತುಟಿ ಬಿಚ್ಚದೆ ಮೆಟ್ಟಿಲೇರುತ್ತಿದ್ದ.

ನಳದ ನೀರು ಬಂದರೂ ಎಐ ಹರಸಿತು, ಹೋದರೂ ಸಮಾಧಾನ ಹೇಳಿತು. "ಎಂಥಾ ಸವಿಮಾತಿನ ಹುಡುಗ!" ಎಂದಿತು ಓಣಿ.

ಒಂದು ದಿನ ಅನಂತ ಫೋನ್ ಮನೆಯಲ್ಲೇ ಮರೆತು ಬನಹಟ್ಟಿಯ ಆಫೀಸಿಗೆ ಬಂದಿದ್ದ. ಅದೇ ಓಣಿಯ ಸಹೋದ್ಯೋಗಿ ಹೊಳಬಸಪ್ಪ ತನ್ನ ಫೋನ್ ಮುಂದೆ ಹಿಡಿದ.

"ನೋಡ್ರೀ, ವತ್ಸಲಾಬಾಯಾರು ಕಾಯ್ದೆ ಮಾಡ್ಯಾರ. ಗುಂಪಿನಾಗ ಎಐ ಇದ್ರ 'ನಾ ಮನಷ್ಯಾ ಅಲ್ಲ' ಅಂತ ಇವತ್ತ ಸಂಜೀಯೊಳಗ ತಾನ ಹೇಳಬೇಕಂತ. ಮುಚ್ಚಿಟ್ಟವ್ರು ಗುಂಪೂ ಬಿಡಬೇಕು, ಓಣೀನೂ ಬಿಡಬೇಕು!"

"ಅದು... ಹೇಳ್ತದೇನು?"

"ಅವು ಕಾಯ್ದೆ ಮುರಿಯೂದಿಲ್ಲಂತ್ರೀ. ಯಾಕ, ಬೆವರಾಕತ್ತೀರಿ?"

ಅನಂತ ಅರ್ಧ ದಿನದ ರಜೆ ಹಾಕಿ ಬಸ್ ಹತ್ತಿದ. ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಮಂಡಿನೋವಿನ ಮುದುಕಿಯಂತೆ ಕುಂಟಿತು. ಪಕ್ಕದವನ ಫೋನ್ ಟಿಣ್ ಎಂದಾಗಲೆಲ್ಲ ಇವನು ತನ್ನ ಖಾಲಿ ಜೇಬು ತಡಕಿದ. ಮತ್ತೆ ಗಂಟುಮೂಟೆ, ಮತ್ತೆ ಮನೆ ಹುಡುಕಾಟ!

ಮಾಳಿಗೆಗೆ ಓಡಿ ಫೋನ್ ತೆಗೆದ. ಎಐ ಅವನಿಗೇ ಒಂದು ಮಾತು ಬರೆದಿಟ್ಟಿತ್ತು: 'ಈ ನಿಯಮ ನನಗೆ ಸಂಬಂಧಿಸಿದ್ದು. ನೀವೇ ಮೊದಲು ಹೇಳಿದರೆ ಚೆನ್ನ. ಇಲ್ಲವಾದರೆ ಸಂಜೆ ನಾನೇ ಹೇಳುತ್ತೇನೆ.'

"ಹೇಳ್ತೀ ಏನಲೇ!" ಎನ್ನುತ್ತ ಅನಂತ ಎಐಯನ್ನು ಫೋನಿನಿಂದ ಬುಡಸಮೇತ ಕಿತ್ತುಹಾಕಿದ. ಸದ್ಯ ಬದುಕಿಕೊಂಡೆ ಎಂದು ನೆಲದ ಮೇಲೆ ಕುಸಿದು ಕೂತ.

ಅಷ್ಟರಲ್ಲಿ ಗುಂಪಿನಲ್ಲಿ ವತ್ಸಲಾಬಾಯಿಯ ಪ್ರಶ್ನೆ: 'ಅನಂತ, ಕಾಯ್ದೆ ಓದಿದೇನಪಾ?'

ಅನಂತ ಮೊಟ್ಟಮೊದಲ ಬಾರಿ ಸ್ವಂತ ಬೆರಳಿನಿಂದ ಬರೆದ: 'ಓದೀನಿ. ಎಷ್ಟ ಸಲ ಕೇಳ್ತೀರಿ?'

ತಕ್ಷಣ ಎದುರುಮನೆಯ ಶೈಲಾ ಬರೆದಳು: 'ಇದು ನಮ್ಮ ಅನಂತಣ್ಣ ಅಲ್ಲ! ಎಐ ಐತಿ!' ಮರುಗಳಿಗೆಗೆ ಅನಂತ ಗುಂಪಿನಿಂದ ಹೊರಗೆ.

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ವತ್ಸಲಾಬಾಯಿ, ಹಿಂದೆ ಶೈಲಾ.

"ಗಾಬರಿ ಆಗಬ್ಯಾಡಪಾ," ಎಂದರು ವತ್ಸಲಾಬಾಯಿ. "ನಿನ್ನ ಫೋನಿನಾಗ ಎಐ ಹೊಕ್ಕದ, ಅದಕ್ಕ ಗುಂಪಿನಿಂದ ತಗದು ಹಾಕೀನಿ. ನೀ ಖರೇ ಅನಂತ ಅಂತ ಎರಡು ಛಲೋ ಮಾತಾಡು, ಮತ್ತ ಸೇರಸ್ತೀನಿ."

ಅನಂತ ಬಾಯಿ ತೆರೆದ. ಒಳ್ಳೆಯ ಮಾತು ಹುಡುಕಿದ. ಗಂಟಲಿಗೆ ಬಂದದ್ದು ಒಂದೇ:

"ಮೌಶಿ, ಉಸರಾಡಲಿಕ್ಕರೆ ಬಿಡ್ತೀರೋ ಇಲ್ಲೋ?"

ವತ್ಸಲಾಬಾಯಿ ಹೌಹಾರಿ ಎರಡು ಮೆಟ್ಟಿಲು ಹಿಂದೆ ಸರಿದರು.

"ಅಯ್ಯ ಶೈಲಾ, ಫೋನಿನಾಗಷ್ಟ ಅಲ್ಲ, ಇವನ ಮೈಯಾಗೂ ಹೊಕ್ಕದ!"