ಹೊಗೆ ಬಂದರೂ ಸಹಿ ಕೇಳುವ ಗೇಟಿನ ಬಗ್ಗೆ

ಶಿಶುವಿಹಾರದ ಮಾನ್ಯ ಮೇಲ್ವಿಚಾರಕರೇ,

ತಾವೂ, ತಮ್ಮ ಹೊಸ ಕಬ್ಬಿಣದ ಗೇಟೂ, ಅದರ ಬೀಗವೂ ಕ್ಷೇಮವೆಂದು ನಂಬಿ, ಎದುರಿನ ಪಂಕ್ಚರ್ ಅಂಗಡಿಯವನು ಕೈಯ ಗ್ರೀಸು ಒರೆಸಿಕೊಂಡು ಮಾಡುವ ನಮಸ್ಕಾರಗಳು. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ತಪ್ಪಿದ್ದರೆ ತಿದ್ದಿಕೊಂಡು ಓದಿ, ಆದರೆ ಪೂರ್ತಿ ಓದಿ.

ತಮ್ಮ ತುರ್ತು ಯೋಜನೆಯನ್ನು ಎಷ್ಟು ಹೊಗಳಿದರೂ ಸಾಲದು. ಗಂಟೆ ಬಾರಿಸಿದ ಕೂಡಲೇ ಮಕ್ಕಳು ಬಣ್ಣದ ಹಗ್ಗದ ಒಂದೊಂದು ಗಂಟು ಹಿಡಿದು ಸಾಲಾಗಿ ಹೊರಡಬೇಕು, ಏನೇ ಆದರೂ ಗಂಟು ಬಿಡಬಾರದು ಎಂದು ಕಲಿಸಿದ್ದೀರಿ. ದಿನಾ ನಾನೇ ಸಹಿ ಹಾಕಿ ಕರೆತರುತ್ತಿದ್ದ ನನ್ನ ಅಕ್ಕನ ಮಗಳು ಪುಟ್ಟಿ ಮನೆಯಲ್ಲೂ ನನ್ನ ಅಂಗಿ ಹಿಡಿದು ಅದೇ ಅಭ್ಯಾಸ ಮಾಡಿ ಗುಂಡಿಗಳನ್ನೆಲ್ಲ ಕಿತ್ತಿದ್ದಾಳೆ.

ಮೊನ್ನೆ ತಮ್ಮ ಅಡುಗೆಮನೆಯಲ್ಲಿ ಹಾಲು ಸೀದು ಕಪ್ಪು ಹೊಗೆ ಎದ್ದಾಗ ಆಯಮ್ಮ ಗಂಟೆ ಬಾರಿಸಿ, ಮಕ್ಕಳ ಕೈಗೆ ಹಗ್ಗ ಕೊಟ್ಟು, ಗೇಟಿನವರೆಗೆ ಕರೆತಂದರು. ಅಲ್ಲಿಗೆ ಯೋಜನೆ ಮುಗಿದು ತಮ್ಮ ಇನ್ನೊಂದು ನಿಯಮ ಶುರುವಾಯಿತು. ಪೋಷಕರ ಸಹಿಯಿಲ್ಲದೆ ಮಗು ಹೊರಗೆ ಹೋದರೆ ಕೆಲಸದಿಂದ ತೆಗೆಯುತ್ತೇನೆ ಎಂದು ತಾವು ಹೇಳಿದ್ದೀರೆಂದು ಕಾವಲಿನ ತಾತ ಬೀಗದಕೈಯನ್ನು ಎದೆಗವಚಿಕೊಂಡು ನಿಂತರು. ಹಿಂದೆ ಹೊಗೆ, ಮುಂದೆ ತಾತ, ನಡುವೆ ಕೆಮ್ಮುವ ಮಕ್ಕಳು. ತಾವು ಫೋನಿಗೆ ಸಿಗಲಿಲ್ಲ. ಮಕ್ಕಳ ಸುರಕ್ಷತೆಯ ಬಗ್ಗೆ ಎಲ್ಲೋ ಭಾಷಣ ಮಾಡುತ್ತಿದ್ದಿರಂತೆ.

ನಾನು ರಸ್ತೆ ದಾಟಿ ಓಡಿಬಂದು ಬಾಯಿಗೆ ಬಂದದ್ದನ್ನು ಅಂದೆ. ಅದು ಮರ್ಯಾದೆಯ ಪತ್ರದಲ್ಲಿ ಬರೆಯುವಂಥದ್ದಲ್ಲ. ತಾತ ಸರಳಿನ ಸಂದಿಯಿಂದ ಪುಸ್ತಕ ಚಾಚಿ, "ನಿನ್ ಮಗೂಗೆ ನೀನು ಸೈನ್ ಹಾಕಪ್ಪ, ಅವಳೊಬ್ಬಳನ್ನ ಬಿಡ್ತೀನಿ" ಅಂದರು. ಹಾಕಿದೆ. ಗೇಟು ಒಂದು ಮಗು ತೂರುವಷ್ಟೇ ತೆರೆಯಿತು. ಸಾಲಿನ ಮುಂದೆಯೇ ನಿಂತಿದ್ದ ಪುಟ್ಟಿಯನ್ನು ಎಳೆದುಕೊಂಡೆ. ಅವಳು ಗಂಟು ಬಿಡಲಿಲ್ಲ. ಅವಳ ಹಿಂದಿನವನೂ ಬಿಡಲಿಲ್ಲ, ಅವನ ಹಿಂದಿನವಳೂ ಬಿಡಲಿಲ್ಲ. ಹೀಗೆ ಒಂದೇ ಸಹಿಗೆ ಇಡೀ ಶಿಶುವಿಹಾರ ರೈಲಿನಂತೆ ಹೊರಬಂತು, ಗೇಟನ್ನು ಇನ್ನಷ್ಟು ತಳ್ಳಿಕೊಂಡು ಬಂದ ಕೊನೆಯ ಬೋಗಿ ಆಯಮ್ಮ. ತಾತ ಪುಸ್ತಕ ನೋಡಿದರು, ಹಗ್ಗ ನೋಡಿದರು, ಪುಸ್ತಕ ಮುಚ್ಚಿದರು. ಮಕ್ಕಳು ನನ್ನ ಅಂಗಡಿಯ ಹಳೇ ಟೈರುಗಳೊಳಗೆ ಕೂತು, ಹೊಗೆ ಅಡಗಿದ ಮೇಲೂ ವಾಪಸು ಹೋಗಲು ಒಪ್ಪಲಿಲ್ಲ.

ಇದಕ್ಕೆ ತಾವು ಕೊಟ್ಟ ಬಹುಮಾನವೆಂದರೆ, ಅನುಮತಿಯಿಲ್ಲದೆ ಮಕ್ಕಳನ್ನು ಸಾಗಿಸಿದವನೆಂದು, ಪುಟ್ಟಿಯನ್ನು ಕರೆದೊಯ್ಯಲು ನನಗಿದ್ದ ಹಕ್ಕನ್ನೇ ಕಿತ್ತುಕೊಂಡದ್ದು. ಅಕ್ಕನ ಕಾರ್ಖಾನೆಯ ಪಾಳಿ ಮುಗಿಯುವುದು ತಾವು ಬಾಗಿಲು ಹಾಕಿದ ಮೇಲೆ. ನಾನು ಬರದಿದ್ದರೆ ಅವಳು ಕೆಲಸವನ್ನೇ ಬಿಡಬೇಕು. ಆದ್ದರಿಂದ ನನ್ನನ್ನು ಮತ್ತೆ ಸೇರಿಸಿಕೊಳ್ಳಿ. ಹಾಗೆಯೇ, ಇನ್ನು ಮುಂದೆ ಪೋಷಕರು ಬರುವ ಹೊತ್ತಿಗೆ ಮಾತ್ರ ಹೊತ್ತಿಕೊಳ್ಳಬೇಕೆಂದು ಬೆಂಕಿಗೊಂದು ಸುತ್ತೋಲೆ ಕಳುಹಿಸಿ, ಭೂಕಂಪಕ್ಕೂ ಒಂದು ಪ್ರತಿ ಇರಲಿ. ಅದಾಗದಿದ್ದರೆ, ಹೊಗೆ ಕಂಡರೆ ಮೊದಲು ಗೇಟು ತೆರೆಯಿರಿ ಎಂದು ತಾತನಿಗೆ ತಮ್ಮ ಬಾಯಿಂದಲೇ ಹೇಳಿ. ಪಾಪ, ಅವರು ಹೆದರುವುದು ಬೆಂಕಿಗಲ್ಲ, ತಮಗೆ.

ತಮ್ಮ ವಿಶ್ವಾಸಿ,
ಪುಟ್ಟಿಯ ಮಾಮ

ವಿ.ಸೂ.: ಪೋಷಕರೆಲ್ಲ ಓದಲೆಂದು ಇದನ್ನು ಪಂಕ್ಚರ್ ಸೊಲ್ಯೂಷನ್ ಹಚ್ಚಿ ತಮ್ಮ ಗೇಟಿಗೇ ಅಂಟಿಸಿದ್ದೇನೆ. ಪತ್ರ ಕೀಳಬೇಕೆಂದರೆ ಗೇಟನ್ನೇ ಕೀಳಬೇಕಾದೀತು. ಆ ಕೆಲಸ ಪುಕ್ಕಟೆ ಮಾಡಿಕೊಡುತ್ತೇನೆ.