ಚುನಾವಣೆ ಬಂದೊಡನೆ ಕಣ್ಮರೆಯಾಗುವ ಸಮಿತಿಯ ಅಧ್ಯಕ್ಷರಿಗೆ

ಸರ್ ಆಂಬ್ರೋಸ್ ಪೆನ್‌ಹ್ಯಾಲೋ ಅವರಿಗೆ,
ಚುನಾವಣೆಗಳಲ್ಲಿ ವಿದೇಶಿ ಕೈವಾಡದ ಕುರಿತ ಸಂಸದೀಯ ಮೇಲ್ವಿಚಾರಣಾ ಸಮಿತಿಯ ಮಾಜಿ ಹಾಗೂ, ದೇವರ ದಯೆಯಿದ್ದರೆ, ಭಾವಿ ಅಧ್ಯಕ್ಷರು,
ಲಂಡನ್.

ಮಾನ್ಯರೇ,

ಲಿಂಕನ್‌ಷೈರ್ ಕರಾವಳಿಯ ಸ್ಕೆಲ್ಬಿ ಎಂಬ ಪುಟ್ಟ ಪಟ್ಟಣದಿಂದ ಮೇವಿಸ್ ಆಡ್ಲಿಂಗ್ ಎಂಬ ನಾನು ಮಾಡುವ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಮೊನ್ನೆಯ ಸಾರ್ವತ್ರಿಕ ಚುನಾವಣೆಯಲ್ಲಿ ತಾವು ತಮ್ಮ ಕ್ಷೇತ್ರದಿಂದ ಮರಳಿ ಆರಿಸಿ ಬಂದಿದ್ದನ್ನು ಟಿವಿಯಲ್ಲಿ ನೋಡಿ, ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಚಪ್ಪಾಳೆ ತಟ್ಟಿದೆನೆಂದು ತಿಳಿಸಲು ಸಂತೋಷಪಡುತ್ತೇನೆ.

ಈ ಪತ್ರ ತಮ್ಮ ಕಚೇರಿಗೆ ಬರುವ ಬದಲು ಪತ್ರಿಕೆಯಲ್ಲಿ ಬಂದಿರುವುದಕ್ಕೆ ಕ್ಷಮೆಯಿರಲಿ. ಚುನಾವಣೆಗೆ ಮೊದಲೇ ನಾನೊಂದು ಪತ್ರ ಬರೆದಿದ್ದೆ. ಅದು ಬಹಳ ವಿನಯದ ಒಂದು ಚೀಟಿಯೊಂದಿಗೆ ನನಗೇ ವಾಪಸು ಬಂತು. ಚುನಾವಣೆ ಘೋಷಣೆಯಾದ್ದರಿಂದ ಸಂಸತ್ತು ವಿಸರ್ಜನೆಯಾಗಿದೆ, ಸಂಸತ್ತು ವಿಸರ್ಜನೆಯಾದ್ದರಿಂದ ಸಮಿತಿಯೂ ಅಸ್ತಿತ್ವದಲ್ಲಿಲ್ಲ, ಹೊಸ ಸಂಸತ್ತು ಕೂಡಿ, ಹೊಸ ಸಮಿತಿ ರಚನೆಯಾದ ಮೇಲೆ ದಯವಿಟ್ಟು ಬರೆಯಿರಿ ಎಂದು ಅದರಲ್ಲಿತ್ತು. ಚುನಾವಣೆಯನ್ನು ಕಾಯಲೆಂದೇ ನೇಮಕಗೊಂಡ ಸಮಿತಿಯು ಚುನಾವಣೆ ನಡೆಯುವಷ್ಟು ಕಾಲ ಮಾತ್ರ ಇರುವುದಿಲ್ಲ ಎಂಬ ಈ ಏರ್ಪಾಡನ್ನು ಯಾರು ಮಾಡಿದರೋ ಅವರ ಜಾಣತನಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಊರಿನ ಅಗ್ನಿಶಾಮಕ ದಳದವರಿಗೂ ಈ ಪದ್ಧತಿಯನ್ನು ವಿವರಿಸಿ ಹೇಳಿದೆ. ಪಾಪ, ಅವರಿಗೆ ಇನ್ನೂ ಬೆಂಕಿ ಬಿದ್ದಾಗಲೇ ಕೆಲಸಕ್ಕೆ ಬರುವ ಹಳೆಯ ಚಾಳಿ.

ಹೊಸ ಸಮಿತಿ ಇನ್ನೂ ರಚನೆಯಾಗಿಲ್ಲವೆಂದು ಕೇಳಿದೆ. ಆದ್ದರಿಂದ ನಾನೀಗ ಇಲ್ಲದ ಸಮಿತಿಯ ಅಲ್ಲದ ಅಧ್ಯಕ್ಷರಿಗೆ ಬರೆಯುತ್ತಿದ್ದೇನೆ. ನನ್ನ ವಿಷಯ ತಮಗೆ ಮರೆತಿದ್ದರೆ ಆಶ್ಚರ್ಯವಿಲ್ಲ, ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಹಿಂದಿನ ಚುನಾವಣೆಯ ತನಕ ಸ್ಕೆಲ್ಬಿಯ ಚರ್ಚ್ ಸಭಾಂಗಣದ ಮತಗಟ್ಟೆಯ ಅಧಿಕಾರಿ ನಾನಾಗಿದ್ದೆ. ಪೆನ್ಸಿಲುಗಳನ್ನು ಚೂಪು ಮಾಡಿ ದಾರಕ್ಕೆ ಕಟ್ಟುವುದು, ಮತ ಹಾಕಲು ಬಂದವರ ನಾಯಿಗಳಿಗೆ ಬಾಗಿಲ ಬಳಿ ನೀರಿಡುವುದು, ಗುರುತಿನ ಚೀಟಿ ಮರೆತು ಬಂದ ಪಾದ್ರಿಯನ್ನು ಮನೆಗೆ ಅಟ್ಟುವುದು, ಇಂಥ ರಾಷ್ಟ್ರಮಟ್ಟದ ಜವಾಬ್ದಾರಿಗಳು ನನ್ನವಾಗಿದ್ದವು. ಕಾಲಿಲ್ಲದವರು, ಕೈಲಾಗದವರು ಒಳಗೆ ಬರಲಾಗದಿದ್ದರೆ ಅಧಿಕಾರಿಯೇ ಮತಪತ್ರವನ್ನು ಹೊರಗೆ ಅವರಿದ್ದಲ್ಲಿಗೆ ಒಯ್ದು, ಅವರು ಗುರುತು ಹಾಕಿ ಮಡಚಿದ್ದನ್ನು ತಂದು ಪೆಟ್ಟಿಗೆಗೆ ಹಾಕಬಹುದೆಂದು ನಿಯಮವಿದೆ. ಪಕ್ಕದ ಮನೆಯ ವಿಲ್ಫ್ ಸ್ನೀತ್, ಹರೆಯದಲ್ಲಿ ನಮ್ಮ ಊರಿನ ಜೀವರಕ್ಷಕ ದೋಣಿಯಲ್ಲಿ ಹುಟ್ಟು ಹಾಕಿದವರು, ಈಗ ಸೊಂಟ ಬಿದ್ದು ಕಾರಿನ ಸೀಟಿನಿಂದ ಏಳಲಾರರು. ಆ ಚುನಾವಣೆಯ ದಿನ ಅವರ ಮಗಳು ಕಾರು ತಂದು ಸಭಾಂಗಣದ ಮುಂದೆ ನಿಲ್ಲಿಸಿದಳು. ನಾನು ಮತಪತ್ರ ಒಯ್ದೆ, ಮುಖ ಆಚೆ ತಿರುಗಿಸಿ ನಿಂತೆ, ಅವರು ಗುರುತು ಹಾಕಿ ಮಡಚಿ ಕೊಟ್ಟರು, ತಂದು ಪೆಟ್ಟಿಗೆಗೆ ಹಾಕಿದೆ. ರಸ್ತೆಯ ಆಚೆ ಬದಿಯಿಂದ ಯಾರೋ ಇದನ್ನು ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೊ ಊರವರ ಜಾಲತಾಣದ ಗುಂಪಿನಲ್ಲಿತ್ತು. ನಾನು ಒಳಗಿನಿಂದ ಖಾಲಿ ಕಾಗದ ತರುವುದೂ, ಕಾರಿನ ಕಿಟಕಿಯಿಂದ ಒಂದು ಕೈ ಹೊರಬರುವುದೂ, ನಾನು ಮಡಚಿದ ಕಾಗದ ಹಿಡಿದು ಒಳಗೆ ಓಡುವುದೂ ಇತ್ತು. ವಿಲ್ಫ್ ಅವರ ಮುಖವನ್ನೂ ಅವರ ಊರುಗೋಲನ್ನೂ ಕತ್ತರಿಸಿ ತೆಗೆಯಲಾಗಿತ್ತು. ಹಾಕಿದವಳ ಹೆಸರು ಬ್ರೆಂಡಾ. ಮೂರು ಮಕ್ಕಳ ತಾಯಿ, ಸ್ಕೆಲ್ಬಿಯಲ್ಲೇ ಹುಟ್ಟಿ ಬೆಳೆದವಳು, ದೇಶಕ್ಕಾಗಿ ಕಣ್ಣೀರು ಹಾಕುವವಳು ಎಂದು ಅವಳೇ ತನ್ನ ಬಗ್ಗೆ ಬರೆದುಕೊಂಡಿದ್ದಳು. 'ದಿನಾ ಬೆಳಿಗ್ಗೆ ನಮ್ಮೂರ ಗುಡ್ಡ ಹತ್ತಿ ಮಕ್ಕಳನ್ನ ಶಾಲೆಗೆ ಬಿಡ್ತೀನಿ, ಇವತ್ತು ಗುಡ್ಡದ ಮೇಲಿಂದ ಈ ಕಳ್ಳತನ ಕಣ್ಣಾರೆ ನೋಡ್ದೆ, ನನ್ನ ಮಕ್ಕಳ ಭವಿಷ್ಯ ಏನಾಗಬೇಕು?' ಎಂಬುದು ಅವಳ ಗೋಳು.

ಮಾನ್ಯರೇ, ಸ್ಕೆಲ್ಬಿಯಲ್ಲಿ ಗುಡ್ಡವಿಲ್ಲ. ನಮ್ಮ ನೆಲ ಅಂಗೈಯಷ್ಟು ಸಪಾಟು, ಮಕ್ಕಳು ಚಳಿಗಾಲದಲ್ಲಿ ಜಾರುಬಂಡಿ ಎಳೆದುಕೊಂಡು ಬಂದು ಇಳಿಜಾರು ಸಿಗದೆ ಅಳುತ್ತಾರೆ. ಇದನ್ನು ನಮ್ಮೂರಿನ ಯಾವ ಹಸುಳೆಯಾದರೂ ಹೇಳೀತು. ಆದರೂ ಇಲ್ಲಿಯೇ ಹುಟ್ಟಿ, ಇಲ್ಲಿಯೇ ಎಲೆಕೋಸು ಬೆಳೆದು, ಇಲ್ಲಿಯೇ ಮುದುಕರಾದ ನನ್ನ ನೆರೆಹೊರೆಯವರು ಒಬ್ಬರ ಹಿಂದೊಬ್ಬರು, ಸಾಲು ತಪ್ಪದೆ, ಬ್ರೆಂಡಾಳ ಬರಹದ ಕೆಳಗೆ ಬಂದು ನಿಂತು 'ಹೌದಮ್ಮ, ನಾವೂ ನೋಡಿದ್ವಿ' ಎಂದು ಬರೆದರು. ಒಬ್ಬ ಮಹನೀಯರಂತೂ ಗುಡ್ಡದ ಮೇಲೆ ಬೀದಿದೀಪ ಹಾಕಿಸಿಲ್ಲವೆಂದು ನಗರಸಭೆಯನ್ನು ಬೈದರು. ವಿದೇಶಿ ಶಕ್ತಿಗಳ ಸಾಮರ್ಥ್ಯದ ಬಗ್ಗೆ ತಮ್ಮ ಸಮಿತಿಯ ವರದಿಯಲ್ಲಿ ಬಹಳ ಬರೆದಿದ್ದೀರಿ. ನನ್ನ ಊರಿನವರ ಸಹಕಾರದ ಬಗ್ಗೆಯೂ ಎರಡು ಒಳ್ಳೆಯ ಮಾತು ಬರೆಯಬೇಕಿತ್ತು, ಅವರಿಲ್ಲದೆ ಆ ಶಕ್ತಿಗಳು ಮಾಡುವುದೇನಿತ್ತು?

ಆಮೇಲಿನ ಕಥೆ ಚಿಕ್ಕದು. ಮಾಂಸದಂಗಡಿಯ ಟೆರೆನ್ಸ್, ಅಂಗಡಿ ತುಂಬ ಜನರಿರುವಾಗ, 'ಏನ್ ಮೇವಿಸ್ ಮೇಡಂ, ಸಾಸೇಜು ಪೊಟ್ಟಣದಲ್ಲಿ ಹಾಕ್ಲೋ, ಇಲ್ಲ ಕಾರಿನ ಕಿಟಕೀಲಿ ಕೊಡ್ಲೋ?' ಎಂದು ಕೇಳಿದ. ಎಲ್ಲರೂ ಕಪಾಟಿನ ಕಡೆ ತಿರುಗಿ ನಕ್ಕರು. ಮಹಿಳಾ ಮಂಡಳಿಯ ಬೇಸಿಗೆ ಮೇಳದಲ್ಲಿ ನನ್ನ ಕೇಕು ಸಂಜೆಯವರೆಗೂ ಹಾಗೇ ಉಳಿಯಿತು. ಇಂಗ್ಲೆಂಡಿನಲ್ಲಿ ಹೆಂಗಸೊಬ್ಬಳ ಕೇಕನ್ನು ಯಾರೂ ಕೊಳ್ಳಲಿಲ್ಲವೆಂದರೆ ಅದಕ್ಕಿಂತ ದೊಡ್ಡ ತೀರ್ಪನ್ನು ಯಾವ ನ್ಯಾಯಾಲಯವೂ ಕೊಡಲಾರದು ಎಂಬುದು ತಮಗೆ ಗೊತ್ತೇ ಇದೆ. ನಗರಸಭೆಯವರು ಕರೆದು, ನನ್ನ ಮೇಲೆ ಅವರಿಗೆ ಸಂಪೂರ್ಣ ನಂಬಿಕೆಯಿದೆಯೆಂದೂ, ಆ ನಂಬಿಕೆ ಕೆಡಬಾರದೆಂಬ ಕಾರಣಕ್ಕೇ ಇನ್ನು ಮುಂದೆ ನನ್ನನ್ನು ಮತಗಟ್ಟೆಗೆ ನೇಮಿಸುವುದಿಲ್ಲವೆಂದೂ ತಿಳಿಸಿ, ಬಿಸ್ಕತ್ತು ಕೊಟ್ಟರು.

ಆಗ ತಾವು ಬಂದಿರಿ. ನನ್ನ ಬದುಕಿನಲ್ಲಿ ಅಂಥ ಮರ್ಯಾದೆ ಯಾರೂ ತೋರಿಸಿರಲಿಲ್ಲ. ಲಂಡನ್ನಿಗೆ ಕರೆಸಿದಿರಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದಿರಿ, ನನ್ನ ಮೊಬೈಲನ್ನೂ ಕೈಗಡಿಯಾರವನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿದಿರಿ. ಬ್ರೆಂಡಾ ಎಂಬ ಹೆಂಗಸು ಇಲ್ಲವೆಂದೂ, ದಾರಿಹೋಕರು ಯಾರೋ ತೆಗೆದು ಹಾಕಿದ್ದ ವಿಡಿಯೊವನ್ನೇ ಕತ್ತರಿಸಿ ಆ ಹೆಸರಿನಲ್ಲಿ ಹಂಚಲಾಯಿತೆಂದೂ, ಅವಳ ಹೆಸರಿನಲ್ಲಿ ಬರೆಯುವವರ ಕಟ್ಟಡ ಯಾವ ದೇಶದ ಯಾವ ಬೀದಿಯಲ್ಲಿದೆಯೆಂಬುದೂ ತಮಗೆ ಗೊತ್ತೆಂದೂ, ಅಲ್ಲಿ ಊಟದ ಬಿಡುವಿನ ಹೊತ್ತಿನಲ್ಲಿ ಬ್ರೆಂಡಾಳ ದೇಶಭಕ್ತಿಯೂ ನಿಂತುಹೋಗುತ್ತದೆಂದೂ ತಮ್ಮ ಬಾಯಿಂದಲೇ ಕೇಳಿದೆ. 'ತಾವು ಯಾವ ತಪ್ಪೂ ಮಾಡಿಲ್ಲ, ಮಿಸೆಸ್ ಆಡ್ಲಿಂಗ್. ಇದರಲ್ಲಿ ನಮಗೆ ಎಳ್ಳಷ್ಟೂ ಅನುಮಾನ ಇಲ್ಲ' ಎಂದಿರಿ. ಇದೊಂದು ಮಾತನ್ನು ಹೊರಗೆ ಹೇಳಿಬಿಡಿ ಸ್ವಾಮಿ, ನನಗೆ ಬೇರೇನೂ ಬೇಡ ಎಂದು ನಾನು ಕೇಳಿಕೊಂಡೆ. 'ವರದಿಯಲ್ಲಿ ಬರುತ್ತೆ, ಚಿಂತೆ ಮಾಡ್ಬೇಡಿ' ಎಂದು ತಾವು ಎದ್ದು ನಿಂತು ಕೈಕುಲುಕಿದಿರಿ. ರೈಲಿನಲ್ಲಿ ಬರುವಾಗ ಖುಷಿಗೆ ಅತ್ತೆನೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ವರದಿಯು ಅನುಮತಿಗಾಗಿ ಯಾರದೋ ದೊಡ್ಡ ಮೇಜಿನ ಮೇಲೆ ಹೋಗಿ ಮಲಗಿತು. ಬೇಸಿಗೆ ಕಳೆಯಿತು, ಕ್ರಿಸ್‌ಮಸ್ ಕಳೆಯಿತು. ಕೊನೆಗೆ, ಮತ್ತೊಂದು ಚುನಾವಣೆಯ ಗಾಳಿ ಬೀಸತೊಡಗಿದಾಗ, ಪ್ರಕಟವಾಯಿತು. ರಾಷ್ಟ್ರದ ಭದ್ರತೆಯ ದೃಷ್ಟಿಯಿಂದ ಕೆಲವು ಪದಗಳಿಗೆ ಮಸಿ ಬಳಿಯಲಾಗಿದೆ ಎಂದು ಮೊದಲ ಪುಟದಲ್ಲೇ ಇತ್ತು. ನನಗೆ ಸಂಬಂಧಿಸಿದ ವಾಕ್ಯದಲ್ಲಿ ನನ್ನ ಹೆಸರಿಗೆ ಮಸಿ, ಊರಿನ ಹೆಸರಿಗೆ ಮಸಿ, ದೇಶದ ಹೆಸರಿಗೆ ಮಸಿ, 'ಯಾವ ತಪ್ಪೂ ಮಾಡಿಲ್ಲ' ಎಂಬುದಕ್ಕೂ ಮಸಿ. ಉಳಿದದ್ದು 'ಚರ್ಚ್ ಸಭಾಂಗಣದ ಹೊರಗೆ ನಿಂತಿದ್ದ ಕಾರು' ಮತ್ತು 'ಮತಗಟ್ಟೆಯ ಅಧಿಕಾರಿಣಿ'. ಅಂದರೆ ಇದು ನಾನೇ ಎಂದು ಊರಿಗೆಲ್ಲ ಗೊತ್ತಾಗುವಷ್ಟನ್ನು ಉಳಿಸಿ, ನಾನು ಏನು ಮಾಡಿಲ್ಲ ಎಂಬುದನ್ನು ಮಾತ್ರ ಶತ್ರುವಿನ ಕೈಗೆ ಸಿಗದಂತೆ ಕಾಪಾಡಿದ್ದೀರಿ. ನನ್ನ ನಿರಪರಾಧಿತ್ವವು ಅಣುಬಾಂಬಿನ ಸಾಲಿನ ರಾಜ್ಯರಹಸ್ಯವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಟೆರೆನ್ಸ್ ಆ ಪುಟವನ್ನು ಅಂಗಡಿಯ ಕಿಟಕಿಗೆ ಅಂಟಿಸಿ, 'ಏನೂ ಇಲ್ದೆ ಇದ್ರೆ ಅಷ್ಟು ಮಸಿ ಯಾಕ್ ಬಳೀತಾರೆ, ಹೇಳಿ?' ಎಂದು ಬಂದವರನ್ನೆಲ್ಲ ಕೇಳಿದ. ಅವನ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿದ್ದರೆ ಅದಕ್ಕೂ ಮಸಿ ಬಳಿದು ಕಳಿಸಬಹುದು.

ವರದಿಯ ಕೊನೆಯ ಸಾಲನ್ನು ಮಾತ್ರ ಯಾವ ಮಸಿಯೂ ಮುಟ್ಟಿರಲಿಲ್ಲ. ಈ ಕೈವಾಡದಿಂದ ಯಾರೊಬ್ಬರ ಮತದ ಮೇಲಾದರೂ ಪರಿಣಾಮವಾಗಿದೆಯೆಂಬುದಕ್ಕೆ ಪುರಾವೆ ಕಂಡುಬಂದಿಲ್ಲ, ಅಂಥ ಪುರಾವೆಯನ್ನು ಹುಡುಕುವುದು ಸಮಿತಿಯ ಕಾರ್ಯವ್ಯಾಪ್ತಿಗೆ ಬರುವುದಿಲ್ಲ ಎಂದಿತ್ತು. ಕಣ್ಣು ಮುಚ್ಚಿಕೊಂಡು ನೋಡಿದರೂ ಏನೂ ಕಾಣಿಸಲಿಲ್ಲವೆಂದು ಇಷ್ಟು ಗಂಭೀರವಾಗಿ ಹೇಳಬಲ್ಲವರು ನಮ್ಮನ್ನು ಕಾಯುತ್ತಿರುವಾಗ ನಾವು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

ಆದ್ದರಿಂದ ಮುಂದಿನ ಸಮಿತಿಯಲ್ಲಿ ನನ್ನ ಕೆಲವು ಬಡ ವಿನಂತಿಗಳಿವೆ. ನಮ್ಮ ಸಂಸತ್ತು ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬ ವೇಳಾಪಟ್ಟಿಯನ್ನು ಆ ಹೆಸರು ಹೇಳಬಾರದ ದೇಶಕ್ಕೆ ಗೌರವಪೂರ್ವಕವಾಗಿ ಕಳಿಸಿ, ಸಮಿತಿ ಕೂಡುವವರೆಗೆ ದಯವಿಟ್ಟು ತಾಳ್ಮೆಯಿಂದ ಇರಬೇಕೆಂದು ಕೋರಿಕೊಳ್ಳುವುದು. ಅವರೂ ಸಭ್ಯರಿರಬಹುದು, ಯಾರಾದರೂ ಕೇಳಿ ನೋಡಿದ್ದಾರೆಯೇ? ಅದಾಗದಿದ್ದರೆ ಸರ್ಕಾರದ ಖರ್ಚಿನಲ್ಲಿ ಸ್ಕೆಲ್ಬಿಗೆ ಒಂದು ಗುಡ್ಡ ಕಟ್ಟಿಸಿಕೊಡುವುದು, ಬ್ರೆಂಡಾ ಹೇಳಿದ್ದರಲ್ಲಿ ಅರ್ಧವಾದರೂ ನಿಜವಾಗಲಿ. ಅದರ ತುದಿಯಲ್ಲಿ ತಾವು ಒಂದು ಕುರ್ಚಿ ಹಾಕಿ ಕುಳಿತರೆ, ಮುಂದಿನ ಚುನಾವಣೆಯಲ್ಲಿ ತಮಗೂ ಏನಾದರೂ ಕಾಣಿಸಬಹುದು.

ಇಷ್ಟೆಲ್ಲ ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ಮೊನ್ನೆ ಮತದಾನ ನಡೆದ ಗುರುವಾರ ನನಗೆ ನಗು ಬರಲಿಲ್ಲ. ಮಗಳು ಊರಲ್ಲಿಲ್ಲದ್ದರಿಂದ ವಿಲ್ಫ್ ಅವರನ್ನು ಮತಗಟ್ಟೆಗೆ ನಾನೇ ಕಾರಿನಲ್ಲಿ ಕರೆದೊಯ್ದೆ. ಟೈ ಕಟ್ಟಿದ್ದರು, ಶೂಗಳಿಗೆ ಪಾಲಿಶ್ ಹಾಕಿಸಿಕೊಂಡಿದ್ದರು. ಒಳಗೆ ಹೋಗಿ ಹೊಸ ಅಧಿಕಾರಿಣಿಗೆ, ಹೊರಗೆ ಮತಪತ್ರ ತರಬೇಕಾಗುತ್ತದೆ ಎಂದೆ. ಆ ಹುಡುಗಿ ಬಾಗಿಲ ಆಚೆಯ ರಸ್ತೆಯ ಕಡೆ ನೋಡಿದಳು. 'ಬೇಡ ಆಂಟಿ, ದಯವಿಟ್ಟು. ನಿಮಗೆ ಏನಾಯ್ತು ಅಂತ ನಾನು ನೋಡಿಲ್ವಾ? ಯಾರಾದ್ರೂ ವಿಡಿಯೊ ಮಾಡಿದ್ರೆ ನಾನ್ ಏನ್ ಮಾಡ್ಲಿ? ನಂಗೆ ಪುಟ್ಟ ಮಗು ಇದೆ' ಎಂದಳು. ನಿಯಮ ಹೇಳಿದೆ, ಗದರಿದೆ, ಬೇಡಿಕೊಂಡೆ. ಅವಳು ಅಳುವುದಕ್ಕೆ ಶುರುಮಾಡಿದಳು. ಅವಳನ್ನು ಬೈಯುವ ಮನಸ್ಸಾಗಲಿಲ್ಲ. ನಾನಾಗಿದ್ದರೂ ಈಗ ಹೆದರುತ್ತಿದ್ದೆ.

ನಾನೂ ಮತ ಹಾಕಲು ಬಂದಿದ್ದ ಒಬ್ಬರೂ ಸೇರಿ ವಿಲ್ಫ್ ಅವರನ್ನು ಹಿಡಿದು ಎತ್ತಿ ಒಳಗೆ ತರೋಣವೆಂದು ನೋಡಿದೆವು. ನೋವಿಗೆ ಅವರು ಕೂಗಿಕೊಂಡರು, ಮತ್ತೆ ಸೀಟಿನಲ್ಲಿ ಕೂರಿಸಿದೆವು. 'ಬಿಡೇ ಮೇವಿಸ್, ಮನೆಗೆ ಹೋಗೋಣ' ಎಂದರು. ಮನೆಯ ಗೇಟಿನ ಹತ್ತಿರ ಟೈ ಬಿಚ್ಚುತ್ತ, 'ಆ ಸಮುದ್ರದಲ್ಲಿ ಯಾವ ದೇಶದವನು ಅಂತ ಕೇಳ್ದೇನೇ ಎಷ್ಟ್ ಜನಾನ ಎತ್ತಿ ದೋಣಿಗೆ ಹಾಕ್ಕೊಂಡಿದೀನಿ ನಾನು. ನನ್ನ ಒಂದು ಚೀಟಿನ ಹತ್ತು ಹೆಜ್ಜೆ ಒಯ್ಯೋರು ಯಾರೂ ಇಲ್ವಲ್ಲೇ' ಎಂದರು. ಪ್ರಾಯ ಬಂದಂದಿನಿಂದ ಅವರು ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ.

ಮಾನ್ಯರೇ, ಯಾರೊಬ್ಬರ ಮತದ ಮೇಲೂ ಪರಿಣಾಮವಾಗಿದ್ದಕ್ಕೆ ಪುರಾವೆಯಿಲ್ಲ ಎಂದಿರಲ್ಲ, ಪುರಾವೆ ನಮ್ಮ ಪಕ್ಕದ ಮನೆಯಲ್ಲಿ ಕುಳಿತಿದೆ. ಹುಡುಕುವುದು ತಮ್ಮ ಕೆಲಸವಲ್ಲವೆಂದು ಗೊತ್ತು, ಅದಕ್ಕೇ ವಿಳಾಸ ಸಮೇತ ತಿಳಿಸುತ್ತಿದ್ದೇನೆ: ಸ್ಕೆಲ್ಬಿ, ಬಂದರು ಬೀದಿ, ಹಸಿರು ಬಾಗಿಲು. ತಾವು ಬಂದು, ಅವರೆದುರು ನಿಂತು, ನನ್ನ ಬಗ್ಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಹೇಳಿದ ಆ ಒಂದು ಮಾತನ್ನು ಬೀದಿಗೆ ಕೇಳುವಂತೆ ಹೇಳಬೇಕು. ಆ ಹುಡುಗಿಗೂ ಅದು ಕೇಳಿಸಬೇಕು. ಮುಂದಿನ ಸಲ ಅವಳು ಹೊರಗೆ ಕಾಲಿಡುವುದು ಅದರ ಮೇಲೆ ನಿಂತಿದೆ.

ಇಷ್ಟಾದರೂ ಸಂಸತ್ತಿನ ಮೇಲೆ, ಯಾಕೆಂದು ನನಗೇ ತಿಳಿಯದೆ, ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ಮೇವಿಸ್ ಆಡ್ಲಿಂಗ್

ತಾ.ಕ.: ಪತ್ರ ಮುಗಿಸಿದ ಮೇಲೆ ತಮ್ಮ ಗೆಲುವಿಗೆ ಯಾರು ಯಾರು ಶುಭಾಶಯ ಕೋರಿದ್ದಾರೆಂದು ತಮ್ಮ ಜಾಲಪುಟದಲ್ಲಿ ನೋಡಿದೆ. ಎಲ್ಲರಿಗಿಂತ ಮೇಲೆ ಬ್ರೆಂಡಾ ಇದ್ದಾಳೆ. ಈಗ ತಮ್ಮ ಕ್ಷೇತ್ರದಲ್ಲೇ ಮನೆ ಮಾಡಿದ್ದಾಳಂತೆ, ಮಕ್ಕಳು ನಾಲ್ವರಾಗಿದ್ದಾರೆ. ತಾವು ಅವಳಿಗೆ ಕೊಟ್ಟ ಉತ್ತರವನ್ನೂ ಓದಿದೆ: 'ಧನ್ಯವಾದಗಳು ಬ್ರೆಂಡಾ. ನಿಮ್ಮಂಥ ಸಾಮಾನ್ಯ, ಪ್ರಾಮಾಣಿಕ ಮತದಾರರ ದನಿಯೇ ನನಗೆ ದಾರಿದೀಪ.' ನನಗೆ ಉತ್ತರ ಬರೆಯಲು ಹೊಸ ಸಮಿತಿ ರಚನೆಯಾಗಬೇಕಂತೆ. ಅವಳಿಗೆ ಬರೆಯಲು ತಮಗೆ ಯಾವ ಸಮಿತಿಯೂ ಬೇಕಾಗಲಿಲ್ಲ.