ಮೆಟ್ಟಿಲು ಗುಡಿಸಿದವರು ಯಾರು?

ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾದಾಗ ಹಾರವಾಡದ ಪುಟ್ಟ ಇಗರ್ಜಿಯ ಫಾದರ್ ಒಂದು ಮಾತು ಹೇಳಿದ್ದರು. "ದೊಡ್ಡ ವ್ರತ ಬೇಡ. ಒಂದು ಸಣ್ಣ ಕೆಲಸ ಮಾಡಿ. ಯಾರಿಗೂ ಹೇಳಬೇಡಿ."

ಅದನ್ನು ನಿಜವೆಂದು ನಂಬಿದ ಪಾಪದವನು ಕಾಯ್ತಾನ ಒಬ್ಬನೇ. ಇಗರ್ಜಿಯ ಮೆಟ್ಟಿಲ ಮೇಲೆ ದಿನಾ ಕಡಲಗಾಳಿಗೆ ಮರಳು, ಗಾಳಿಮರದ ಕಡ್ಡಿ ಬಂದು ಬೀಳುತ್ತಿತ್ತು. ಊರು ಏಳುವ ಮೊದಲೇ ಹೋಗಿ ನಲವತ್ತು ದಿನವೂ ಗುಡಿಸಿದ. ಹೆಂಡತಿ ಲೂಸಿಗೆ ವಾಕಿಂಗ್ ಎಂದ.

ಈಸ್ಟರ್ ಬಲಿಪೂಜೆ ಮುಗಿಯುತ್ತಲೇ ಫಾದರ್ ಮೈಕಿನಲ್ಲಿ ಹೇಳಿದರು: "ಮೆಟ್ಟಿಲು ಗುಡಿಸಿದ ಪುಣ್ಯಾತ್ಮನಿಗೆ ಇವತ್ತು ಸಂಜೆ ಶಾಲು ಹೊದೆಸಿ ಸನ್ಮಾನ. ಯಾರೆಂದು ಇನ್ನೂ ಗೊತ್ತಿಲ್ಲ."

ಕಾಯ್ತಾನನ ಎದೆ ಉಬ್ಬಿತು. ಐವತ್ತು ವರ್ಷದಲ್ಲಿ ಆ ಮೈಕಿನಲ್ಲಿ ಅವನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಆದರೆ ತಾನಾಗಿ ಹೇಳುವುದು ಹೇಗೆ? ಯಾರಾದರೂ ಊಹಿಸಲಿ ಎಂದು ಅಂಗಳದಲ್ಲೇ ನಿಂತ.

"ರುಜಾರನೇ ಇರ್ಬೇಕು," ಎಂದಳು ಗೇಟಿನ ಬಳಿ ಹೂ ಮಾರುವ ಬೊಮ್ಮಿ. "ಮುಖದಲ್ಲೇ ಭಕ್ತಿ ಕಾಣ್ತದೆ."

ಪಕ್ಕದ ಮನೆಯ ರುಜಾರ ನಾಚಿ ತಲೆ ತಗ್ಗಿಸಿದ. ಅಲ್ಲ ಎನ್ನಲಿಲ್ಲ!

"ಅಂವ ಏಳೂದೇ ಒಂಬತ್ತಕ್ಕೆ!" ಕಾಯ್ತಾನ ಕಿರುಚಿದ.

"ನಿಂಗೆಂತಕ್ಕೆ ಹೊಟ್ಟೆಯುರಿ ಮಾರಾಯಾ?" ಎಂದಳು ಬೊಮ್ಮಿ.

ಉರಿಯದೆ ಇನ್ನೇನು? ಸೊಂಟ ನೋವು ಇವನಿಗೆ, ಶಾಲು ಅವನಿಗೆ! ಇದು ಯಾವ ಸೀಮೆಯ ನ್ಯಾಯ? ಬಾವಿಕಟ್ಟೆಯ ಹಿಂದೆ ಬಚ್ಚಿಟ್ಟಿದ್ದ ಸವೆದ ಕಸಬರಿಗೆಯನ್ನು ಸಾಕ್ಷಿಗೆ ಹಿಡಿದು ಫಾದರ್ ಮನೆಗೆ ನುಗ್ಗಿದ.

ಜಗಲಿಯಲ್ಲಿ ಆಗಲೇ ಹನ್ನೊಂದು ಜನ ಕೂತಿದ್ದರು. ಎಲ್ಲರ ಕೈಯಲ್ಲೂ ಕಸಬರಿಗೆ. ರುಜಾರನದ್ದಕ್ಕೆ ಅಂಗಡಿಯ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ.

"ಫಾದರ್, ನಾನೇ! ದೇವ್ರಾಣೆ ನಾನೇ!"

"ಇವರೂ ಆಣೆ ಹಾಕಿಯೇ ಕೂತಿದ್ದಾರೆ," ಫಾದರ್ ನಿಟ್ಟುಸಿರಿಟ್ಟರು. "ನಿಜವಾಗಿ ಮಾಡಿದವ ಹೇಳ್ಕೊಂಡು ಬರೂದಿಲ್ಲ. ಬೆಳಗಿನ ಜಾವ ಈ ಅಂಗಳಕ್ಕೆ ಬರುವವರಲ್ಲಿ ಹಾಗೆ ಹೇಳ್ಕೊಂಡು ಬಾರದವ ತಿಮ್ಮು ಒಬ್ಬನೇ."

ಇಗರ್ಜಿಯ ಬಾವಿಯಿಂದ ನೀರು ಒಯ್ಯುವ ಗದ್ದೆಕೆಲಸದ ತಿಮ್ಮುವನ್ನು ಎಳೆದು ತಂದರು. ಅವನು ಬೆವತುಹೋದ.

"ನಾನಲ್ರಾ! ನಾನು ನಮ್ಮನೆ ಅಂಗಳವೇ ಗುಡಿಸೂದಿಲ್ಲ. ದಿನಾ ಗುಡಿಸೂದು ಈ ಕಾಯ್ತಾನಣ್ಣ!"

"ನೋಡಿದ್ರಾ?" ಫಾದರ್ ಕಣ್ಣೊರೆಸಿಕೊಂಡರು. "ಮಾಡಿದ ಪುಣ್ಯವನ್ನೂ ಬೇರೆಯವರಿಗೆ ಬಿಟ್ಟುಕೊಡ್ತಾನೆ. ಎಂಥ ವಿನಯ!"

ಹನ್ನೊಂದು ಜನರೂ ತಲೆಯಾಡಿಸಿದರು. ತಮಗೆ ಸಿಗದಿದ್ದರೂ ಕಾಯ್ತಾನನಿಗೆ ಸಿಗಲಿಲ್ಲವಲ್ಲ ಎಂಬ ಸಮಾಧಾನ ಆ ಮುಖಗಳಲ್ಲಿತ್ತು!

ಸಂಜೆ ಮೈಕಿನಲ್ಲಿ ತಿಮ್ಮುವಿನ ಹೆಸರು ಮೂರು ಸಲ ಮೊಳಗಿತು. ಹತ್ತಿರ ನಿಂತ ತಪ್ಪಿಗೆ ಶಾಲಿನ ತಟ್ಟೆ ಹಿಡಿಯುವ ಕೆಲಸ ಕಾಯ್ತಾನನಿಗೇ ಬಂತು. ಹಲ್ಲು ಕಚ್ಚಿ ಹಿಡಿದ.

ಎಲ್ಲ ಮುಗಿದ ಮೇಲೆ ತಿಮ್ಮು ಅವನನ್ನು ಬದಿಗೆ ಕರೆದ.

"ಕಾಯ್ತಾನಣ್ಣಾ, ಇನ್ಮುಂದೂ ದಿನಾ ಗುಡಿಸು ಅಂದ್ರು ಫಾದರು. ಗದ್ದೆ ಬಿಟ್ಟು ನನ್ ಕೈಲಿ ಆಗೂದಾ? ನೀನೇ ಗುಡಿಸ್ಬಿಡು. ಆದ್ರೆ ಯಾರಿಗೂ ಹೇಳ್ಬೇಡ ಮತ್ತೆ, ನನ್ನ ಮರ್ಯಾದೆ ಹೋಗ್ತದೆ."